ಕಲೆ ಒರೆಸದೆ ಕಲೆ ಮಾಡುವುದು: ದಿನಬಳಕೆಯ ವಸ್ತುಗಳಿಂದ ನೆನಪಿನ ಚಿತ್ರ ಬಿಡಿಸಲು ಮಾರ್ಗದರ್ಶಿ

ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಮನೆಯಲ್ಲೊಂದು ಹಳೆಯ ವಸ್ತುವಿದೆ. ನೋಡಿದಾಗಲೆಲ್ಲ ಏನೇನೋ ನೆನಪಾಗುತ್ತದೆ. ಚಿತ್ರ ಮಾಡೋಣವೆಂದು ಕೂತರೆ ಬರೀ ಒಂದು ಕನ್ನಡಕದ ಚಿತ್ರವಾಗುತ್ತದೆ, ನೆನಪು ಮಾತ್ರ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?” ಇದರ ಬೆನ್ನಿಗೇ ಇನ್ನೊಂದು: “ನನಗೆ ಚಿತ್ರ ಅಷ್ಟಾಗಿ ಬರುವುದಿಲ್ಲ, ಪರವಾಗಿಲ್ಲವೇ?”

ಎರಡನೆಯದಕ್ಕೆ ಮೊದಲು ಉತ್ತರ: ಪರವಾಗಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ಪದಗಳನ್ನು ಅಕ್ಷರದಲ್ಲಿ ಬರೆಯಲು, ಕೆಲವನ್ನು ಚಿತ್ರವಾಗಿ ಬಿಡಿಸಲು ಹೇಳಿದರು. ಬಿಡಿಸಿದ್ದೇ ಹೆಚ್ಚು ನೆನಪಿನಲ್ಲಿ ಉಳಿಯಿತು. ಚಿತ್ರ ಚೆನ್ನಾಗಿತ್ತೋ ಸೊಟ್ಟಗಿತ್ತೋ ಎಂಬುದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ.

ಮೊದಲನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಹೆಚ್ಚಿನವರು ವಸ್ತುವನ್ನು ಪಕ್ಕಕ್ಕಿಟ್ಟು ನೇರವಾಗಿ ನೆನಪನ್ನೇ ಬಿಡಿಸಲು ಹೊರಡುತ್ತಾರೆ. ಕನ್ನಡಕದ ಹಿಂದೆ ಮಸುಕಾದ ಮುಖ, ಮೂಲೆಯಲ್ಲಿ ಹಳದಿಗಟ್ಟಿದ ಫೋಟೊ, ಸಾಲದ್ದಕ್ಕೆ ಒಂದು ಒಣಗಿದ ಹೂವು. ನೋಡುವವರಿಗೆ ‘ಇಲ್ಲಿ ದುಃಖಪಡಬೇಕು’ ಎಂಬ ಸೂಚನೆ ತಲುಪುತ್ತದೆ, ದುಃಖ ತಲುಪುವುದಿಲ್ಲ. ನೆನಪು ಕೂತಿರುವುದು ವಸ್ತುವಿನ ಮೇಲೇ. ಬೆರಳು ತಾಗಿ ತಾಗಿ ಬಣ್ಣ ಹೋದ ಜಾಗ, ಬಿರುಕಿಗೆ ಸುತ್ತಿದ ದಾರ, ಸಡಿಲಾದ ತಿರುಪು. ಈ ಸವೆತವನ್ನು ಬಿಡಿಸಿ, ಸಾಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಏನೇನು ಬೇಕು

ಹೆಚ್ಚೇನೂ ಬೇಡ. ದಪ್ಪ ಚಿತ್ರದ ಹಾಳೆ ಹತ್ತು–ಹನ್ನೆರಡು, ಎಲ್ಲವೂ ಒಂದೇ ಅಳತೆಯವು. ಎಚ್‌ಬಿ ಮತ್ತು 4ಬಿ ಪೆನ್ಸಿಲ್. ‘ಬಿ’ ಮುಂದಿನ ಅಂಕಿ ಹೆಚ್ಚಿದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪು. ಒಂದು ಮೇಣದ ಬಣ್ಣದ ಕಡ್ಡಿ, ನಾಲ್ಕಾರು ತೆಳು ಹಾಳೆ, ಕತ್ತು ತಿರುಗಿಸಲು ಬರುವ ಮೇಜಿನ ದೀಪ, ಒಂದು ನೋಟ್‌ಬುಕ್. ರಬ್ಬರ್ ಇರಲಿ, ಆದರೆ ಕೈಗೆ ಎಟುಕದಷ್ಟು ದೂರದಲ್ಲಿರಲಿ.

ಹಂತ 1: ವಸ್ತುವನ್ನು ಆರಿಸಿ

ಮೂರು ಪರೀಕ್ಷೆ ಇಟ್ಟುಕೊಳ್ಳಿ. ಕೈಯಲ್ಲಿ ಹಿಡಿದು ಬಳಸಿದ್ದಾಗಿರಬೇಕು. ಒಬ್ಬರಿಗಿಂತ ಹೆಚ್ಚು ಜನ ಬಳಸಿರಬೇಕು, ಅಥವಾ ಬಳಸುವುದನ್ನು ಕಂಡಿರಬೇಕು. ಮಾರಲು ಹೋದರೆ ಯಾರೂ ಕೊಳ್ಳಬಾರದು. ಕತ್ತರಿ, ಕೀಲಿಕೈ, ಬಾಚಣಿಗೆ, ಟಾರ್ಚು, ಕೊಡೆ, ಹೊಲಿಗೆ ಡಬ್ಬಿ, ಕುರ್ಚಿ, ಮುಚ್ಚಳ ಕಳೆದ ಪೆನ್ನು ಎಲ್ಲವೂ ಸರಿ.

ಎಡವುವ ಜಾಗ: ಬೆಲೆಬಾಳುವ ವಸ್ತುವನ್ನು ಆರಿಸುವುದು. ಬೀರುವಿನಲ್ಲಿ ಜೋಪಾನವಾಗಿಟ್ಟ ವಸ್ತುವಿಗೆ ಗೌರವ ಸಿಕ್ಕಿರುತ್ತದೆ, ಬಳಕೆ ಸಿಕ್ಕಿರುವುದಿಲ್ಲ. ಬಿಡಿಸಲು ಅದರಲ್ಲಿ ಹೊಳಪೊಂದೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಇತ್ತೀಚೆಗೆ ಅಗಲಿದವರ ವಸ್ತುವಿನಿಂದ ಆರಂಭಿಸಬೇಡಿ. ತಪ್ಪೆಂದಲ್ಲ, ಮೊದಲ ಪ್ರಯತ್ನಕ್ಕೆ ಭಾರ ಜಾಸ್ತಿ. ಸಾಧಾರಣ ಕೀಲಿಕೈಯೊಂದರಲ್ಲಿ ಕೈ ಪಳಗಲಿ.

ಹಂತ 2: ನೋಡುವ ಮೊದಲೇ ಒಮ್ಮೆ ಬಿಡಿಸಿ

ವಸ್ತುವನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಹತ್ತು ನಿಮಿಷ ಅದನ್ನು ನೆನಪಿನಿಂದ ಬಿಡಿಸಿ. ಅಳಿಸುವಂತಿಲ್ಲ. ಗೊತ್ತಿಲ್ಲದ ಭಾಗವನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ.

ದಿನಾ ನೋಡುವ ವಸ್ತುವಲ್ಲವೇ, ಸುಲಭ ಎಂದುಕೊಂಡಿದ್ದರೆ ಬೆರಗಾಗುತ್ತೀರಿ. 1979ರಲ್ಲಿ ಮನೋವಿಜ್ಞಾನಿಗಳಾದ ರೇಮಂಡ್ ನಿಕರ್ಸನ್ ಮತ್ತು ಮರ್ಲಿನ್ ಆಡಮ್ಸ್ ಅಮೆರಿಕದವರಿಗೆ ತಮ್ಮದೇ ದೇಶದ ಒಂದು ಸೆಂಟ್ ನಾಣ್ಯವನ್ನು ನೆನಪಿನಿಂದ ಬಿಡಿಸಲು ಹೇಳಿದರು. ನಾಣ್ಯದ 8 ಮುಖ್ಯ ಅಂಶಗಳಲ್ಲಿ ಹೆಚ್ಚಿನವರಿಗೆ ಸರಿಯಾಗಿ ದಕ್ಕಿದ್ದು ಸುಮಾರು 3. ನಾಣ್ಯದ 15 ಚಿತ್ರಗಳನ್ನು ಮುಂದಿಟ್ಟು ಅಸಲಿ ಯಾವುದೆಂದು ಕೇಳಿದಾಗಲೂ ಗುರುತಿಸಿದವರು ಅರ್ಧಕ್ಕಿಂತ ಕಡಿಮೆ. ಬಳಸಲು ಎಷ್ಟು ಬೇಕೋ ಅಷ್ಟನ್ನಷ್ಟೇ ಮನಸ್ಸು ಇಟ್ಟುಕೊಳ್ಳುತ್ತದೆ.

ಹಾಗಾಗಿ ಈ ಮೊದಲ ಹಾಳೆ ಅತ್ಯಮೂಲ್ಯ. ಯಾವ ಭಾಗ ದೊಡ್ಡದಾಯಿತು, ಯಾವುದು ಮಾಯವಾಯಿತು ಎಂಬುದೇ ನಿಮ್ಮ ನೆನಪಿನ ನಕ್ಷೆ. ಕೊಡೆಯ ಹಿಡಿಯನ್ನು ಇಡೀ ಕೊಡೆಗಿಂತ ದೊಡ್ಡದಾಗಿ ಬಿಡಿಸಿದ್ದರೆ, ನೀವು ಅದನ್ನು ಕಂಡದ್ದು ಬಹುಶಃ ಚಿಕ್ಕವರಿದ್ದಾಗ, ಹಿಡಿಯ ಎತ್ತರಕ್ಕೆ ನಿಂತು. ಹಾಳೆಯ ಹಿಂದೆ ದಿನಾಂಕ ಹಾಕಿ ಎತ್ತಿಡಿ. ‘ಸರಿಪಡಿಸಲು’ ಮತ್ತೆ ತೆಗೆಯಬೇಡಿ.

ಹಂತ 3: ಸವೆತದ ಪಟ್ಟಿ ಮಾಡಿ

ಈಗ ವಸ್ತುವನ್ನು ತನ್ನಿ. ಪೆನ್ಸಿಲ್ ಹಿಡಿಯುವ ಮೊದಲು ಕಾಲು ಗಂಟೆ ಬರೀ ನೋಡಿ, ಮುಟ್ಟಿ, ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆಯಿರಿ. ಈ ಲೇಖನದಲ್ಲಿ ಒಂದೇ ಹಂತಕ್ಕೆ ಪುರುಸೊತ್ತು ಇದೆಯೆಂದಾದರೆ ಇದಕ್ಕೆ ಕೊಡಿ.

ಉದಾಹರಣೆಗೆ, ನನ್ನ ಮೇಜಿನ ಮೇಲೆ ಈಗಿರುವ ಬಟ್ಟೆ ಕತ್ತರಿ. ಹಿಡಿಗೆ ಕಪ್ಪು ಬಣ್ಣ ಬಳಿದಿದೆ. ಹೆಬ್ಬೆರಳು ತೂರಿಸುವ ಉಂಗುರದ ಒಳಬದಿಯಲ್ಲಿ ಮಾತ್ರ ಬಣ್ಣ ಹೋಗಿ ಲೋಹ ಕಾಣುತ್ತದೆ, ಉಗುರಗಲದಷ್ಟು, ಅರ್ಧಚಂದ್ರದ ಆಕಾರ. ಕತ್ತರಿಸುವಾಗ ಹೆಬ್ಬೆರಳು ಒತ್ತುವುದು ಅಲ್ಲೇ. ಇನ್ನೊಂದು ಉಂಗುರಕ್ಕೆ ದಾರ ಸುತ್ತಿದೆ. ಮೊದಲು ಬಿಳಿಯಿದ್ದದ್ದು ಈಗ ಕಂದು, ಒಂದು ಕಡೆ ಮಾತ್ರ ಇನ್ನೂ ಬಿಳಿ. ಅಲ್ಲಿಗೆ ಬೆರಳು ತಾಗುವುದಿಲ್ಲ. ಒಂದು ಅಲಗಿನ ತುದಿ ಮುರಿದಿದೆ. ಬಟ್ಟೆ ಕತ್ತರಿಸುವಾಗ ತುದಿ ಮುರಿಯುವುದಿಲ್ಲ. ಯಾರೋ ಅದನ್ನು ತಿರುಪು ಬಿಚ್ಚಲೋ ಡಬ್ಬದ ಮುಚ್ಚಳ ಮೀಟಲೋ ಬಳಸಿದ್ದಾರೆ. ಯಾರು? ಈ ‘ಯಾರು’ ಹುಟ್ಟಿತೆಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಪಟ್ಟಿ ಮಾಡುವಾಗ ಹುಡುಕಬೇಕಾದದ್ದು: ಕೈ ತಾಗುವ ಜಾಗ, ಕೈ ಎಂದೂ ತಾಗದ ಜಾಗ, ದುರಸ್ತಿಯ ಗುರುತು, ವಸ್ತುವನ್ನು ಅದರದ್ದಲ್ಲದ ಕೆಲಸಕ್ಕೆ ಬಳಸಿದ ಗುರುತು. ಕೊನೆಯದು ಸಿಕ್ಕರೆ ಹಬ್ಬ. ಅದರ ಹಿಂದೆ ಒಂದಲ್ಲ ಒಂದು ಕಥೆ ಇದ್ದೇ ಇರುತ್ತದೆ.

ಎಡವುವ ಜಾಗ: ಒರೆಸುವುದು. ಚಿತ್ರಕ್ಕೆ ಕೂರಿಸುವ ಮೊದಲು ವಸ್ತುವನ್ನು ತೊಳೆದು ಹೊಳಪು ಕೊಡಬೇಕು ಅನ್ನಿಸುತ್ತದೆ. ಬೇಡ. ನಾನೇ ಒಮ್ಮೆ ಹಳೆಯ ಮರದ ಸ್ಕೇಲೊಂದರ ಶಾಯಿ ಕಲೆಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆದೆ. ಉಳಿದದ್ದು ಅಂಗಡಿಯಿಂದ ತಂದಂಥ ಸ್ಕೇಲು. ಬಿಡಿಸಲು ಏನೂ ಇರಲಿಲ್ಲ. ಕಲೆ ಅಂದರೆ ಗುರುತು, ಕಲೆ ಅಂದರೆ ಕಲಾಕೃತಿ. ಎರಡಕ್ಕೂ ಒಂದೇ ಶಬ್ದ ಇಟ್ಟುಕೊಂಡವರು ನಾವು, ಅಷ್ಟಾದರೂ ನೆನಪಿರಬೇಕಿತ್ತು.

ಇಟಲಿಯ ಬೊಲೋನ್ಯಾದ ಜಾರ್ಜೊ ಮೊರಾಂಡಿ (1890–1964) ಅದೇ ಕೆಲವು ಶೀಶೆ, ಡಬ್ಬ, ಹೂಜಿಗಳನ್ನು ದಶಕಗಟ್ಟಲೆ ಬಿಡಿಸಿದ ಕಲಾವಿದ. ಅವುಗಳ ಮೇಲೆ ದೂಳು ಕೂತರೆ ಕೂರಲಿ ಎಂದು ಬಿಡುತ್ತಿದ್ದ. ಆದರೆ ಹೊಳಪು ಕಣ್ಣಿಗೆ ಅಡ್ಡಬರುತ್ತದೆಂದು ಕೆಲವು ಶೀಶೆಗಳಿಗೆ ಮಂದ ಬಣ್ಣ ಬಳಿದದ್ದೂ ಉಂಟು. ಅವನ ಹುಡುಕಾಟ ಆಕಾರ ಮತ್ತು ಬೆಳಕಿನದು, ಹಾಗಾಗಿ ನಡೆಯಿತು. ನಾವು ಬಳಸಿದವರ ಗುರುತು ಹುಡುಕುತ್ತಿದ್ದೇವೆ; ದೂಳಿನ ಮಟ್ಟಿಗೆ ಮೊರಾಂಡಿಯನ್ನು ಅನುಸರಿಸೋಣ, ಬಣ್ಣದ ಮಟ್ಟಿಗೆ ಬೇಡ.

ಹಂತ 4: ಮೂರು ಬಗೆಯಲ್ಲಿ ಬಿಡಿಸಿ

ಒಂದೇ ಚಿತ್ರದಲ್ಲಿ ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಒಂದೊಂದು ಹಾಳೆ ಒಂದೊಂದು ಕೆಲಸ ಮಾಡಲಿ.

ಮೊದಲನೆಯದು ಉಜ್ಜುಚಿತ್ರ, ಕಲಾವಿದರು ಇದನ್ನು ಫ್ರೊಟಾಜ್ ಎನ್ನುತ್ತಾರೆ. ವಸ್ತುವಿನ ಮೇಲೆ ತೆಳು ಹಾಳೆ ಹಾಸಿ ಮೇಣದ ಕಡ್ಡಿಯನ್ನು ಅಡ್ಡಕ್ಕೆ ಮಲಗಿಸಿ ಉಜ್ಜಿದರೆ ಮೇಲ್ಮೈಯ ಉಬ್ಬುತಗ್ಗು ಹಾಳೆಗೆ ಇಳಿಯುತ್ತದೆ. ಜರ್ಮನ್ ಮೂಲದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಸವೆದ ಮರದ ನೆಲಹಲಗೆಗಳ ಮೇಲೆ ಹೀಗೆ ಉಜ್ಜಿಯೇ ಇದನ್ನು ತನ್ನ ಕಲಾವಿಧಾನವಾಗಿ ಬೆಳೆಸಿದ್ದು. ಕೀಲಿಕೈ, ಸ್ಕೇಲು, ಬಾಚಣಿಗೆ, ಕತ್ತರಿಯ ಅಲಗಿಗೆ ಹೇಳಿ ಮಾಡಿಸಿದ ಬಗೆ. ಕನ್ನಡಕ, ಕೊಡೆಗೆ ಆಗದು. ಹಾಳೆ ಜರುಗದಂತೆ ಎರಡು ಕಡೆ ಟೇಪು ಅಂಟಿಸಿ. ಜರುಗಿದರೆ ಒಂದು ಕೀಲಿಕೈ ಎರಡಾಗುತ್ತದೆ. (ಕೆಲವೊಮ್ಮೆ ಅದೇ ಚೆನ್ನಾಗಿರುತ್ತದೆ, ಎಸೆಯಬೇಡಿ.)

ಎರಡನೆಯದು ಹಾಳೆ ನೋಡದೆ ಎಳೆಯುವ ಹೊರಗೆರೆ. ಕಣ್ಣು ವಸ್ತುವಿನ ಅಂಚಿನಲ್ಲಿ ಇರುವೆಯಂತೆ ನಿಧಾನ ತೆವಳಲಿ, ಪೆನ್ಸಿಲ್ ಅದೇ ವೇಗದಲ್ಲಿ ಹಾಳೆಯ ಮೇಲೆ ಸಾಗಲಿ. ಐದು ನಿಮಿಷ, ಪೆನ್ಸಿಲ್ ಎತ್ತುವಂತಿಲ್ಲ. ಚಿತ್ರ ಸೊಟ್ಟಗಾಗುತ್ತದೆ, ಆಗಲೇಬೇಕು. ಕೈಗೆ ಅಭ್ಯಾಸವಾಗಿರುವ ‘ಕತ್ತರಿ ಅಂದರೆ ಹೀಗೆ’ ಎಂಬ ಸಿದ್ಧ ಆಕಾರ ಮುರಿಯುವುದು ಇದರಿಂದಲೇ.

ಮೂರನೆಯದು ಸಾವಧಾನದ ಚಿತ್ರ. ಕೋಣೆಯ ದೀಪ ಆರಿಸಿ, ಮೇಜಿನ ದೀಪವನ್ನು ಒಂದು ಬದಿಗೆ, ವಸ್ತುವಿನಷ್ಟೇ ಎತ್ತರಕ್ಕೆ ತಗ್ಗಿಸಿ. ಬೆಳಕು ಓರೆಯಾಗಿ ಬಿದ್ದರೆ ಗೀರು, ತಗ್ಗು, ದಾರದ ಎಳೆ ಎಲ್ಲ ಎದ್ದು ಕಾಣುತ್ತವೆ. ನೆತ್ತಿಯ ಮೇಲಿಂದ ಬಿದ್ದರೆ ಎಲ್ಲವೂ ಚಪ್ಪಟೆ. ಪೂರ್ತಿ ವಸ್ತುವನ್ನು ತೆಳುಗೆರೆಯಲ್ಲಿ ಬಿಡಿಸಿ, ಪಟ್ಟಿಯಲ್ಲಿರುವ ಎರಡು ಅಥವಾ ಮೂರು ಗುರುತುಗಳಿಗೆ ಮಾತ್ರ 4ಬಿ ಪೆನ್ಸಿಲ್ ಹಿಡಿಯಿರಿ. ನೋಡುವವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ.

ಎಡವುವ ಜಾಗ: ಅಲಂಕಾರ ಸೇರಿಸುವುದು. ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಆರ್ಲ್‌ ಪಟ್ಟಣದ ತನ್ನ ಮನೆಯ ಹುಲ್ಲು ಹೆಣೆದ ಕುರ್ಚಿಯನ್ನು ಬಿಡಿಸಿದಾಗ ಅದರ ಮೇಲೆ ಇಟ್ಟದ್ದು ತನ್ನ ಪೈಪು ಮತ್ತು ತಂಬಾಕು, ಅಷ್ಟೆ. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕೂತಿದ್ದವನು ಎದ್ದುಹೋದದ್ದು ಗೊತ್ತಾಗಲು ಇನ್ನೇನೂ ಬೇಕಾಗಲಿಲ್ಲ. ವಸ್ತುವಿನ ಜೊತೆ ಇನ್ನೊಂದು ಇಡಲೇಬೇಕೆಂದರೆ ನಿಜವಾಗಿ ಅದರ ಪಕ್ಕದಲ್ಲೇ ಇರುತ್ತಿದ್ದದ್ದನ್ನು ಇಡಿ.

ಹಂತ 5: ಇತರರ ನೆನಪನ್ನು ಕೇಳಿ

ಇಲ್ಲಿಯವರೆಗೂ ಇದು ನಿಮ್ಮೊಬ್ಬರ ಕೆಲಸ. ಹಂಚಿಕೊಂಡ ಅನುಭವ ಆಗುವುದು ಈ ಹಂತದಲ್ಲಿ, ಹೆಚ್ಚು ಹಾಳಾಗುವುದೂ ಇಲ್ಲೇ.

ವಸ್ತುವನ್ನು ಬಲ್ಲ ಮೂರು–ನಾಲ್ಕು ಜನರನ್ನು ಆರಿಸಿ. ಅಕ್ಕ, ಮಾವ, ಹಳೆಯ ಸಹೋದ್ಯೋಗಿ, ಪಕ್ಕದ ಮನೆಯವರು, ಯಾರಾದರೂ ಸರಿ. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ. ಗುಂಪಿನಲ್ಲಿ ಕೇಳಿದರೆ ಜೋರಾಗಿ ಮಾತಾಡುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಮೊದಲು ಅವರ ಕೈಗೂ ಒಂದು ಹಾಳೆ ಕೊಟ್ಟು, ವಸ್ತು ತೋರಿಸದೆ, ನೆನಪಿನಿಂದ ಬಿಡಿಸಲು ಹೇಳಿ. “ಅಯ್ಯೋ, ನನಗೆಲ್ಲಿ ಬರುತ್ತದೆ” ಅನ್ನುತ್ತಾರೆ. ನಿಮ್ಮ ಎರಡನೆಯ ಹಂತದ ಸೊಟ್ಟ ಚಿತ್ರ ತೋರಿಸಿ. ಸಂಕೋಚ ಅರ್ಧ ಇಳಿಯುತ್ತದೆ. ಬಿಡಿಸುತ್ತಿರುವಾಗ ಅವರು ತಾವಾಗಿ ಆಡುವ ಮಾತೇ ನಿಮಗೆ ಬೇಕಾದದ್ದು. ಅವರ ಶಬ್ದಗಳಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ಪ್ರಶ್ನೆ ಕೇಳುವಾಗ ಬಹಳ ಎಚ್ಚರ ಬೇಕು. 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಒಂದು ತುಣುಕನ್ನು ತೋರಿಸಿ, ಕೆಲವರಿಗೆ ಕಾರುಗಳು ‘ತಾಗಿದಾಗ’ ಎಷ್ಟು ವೇಗವಿತ್ತು ಎಂದೂ, ಕೆಲವರಿಗೆ ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದೂ ಕೇಳಿದರು. ವಾರದ ನಂತರ ಒಡೆದ ಗಾಜು ಕಂಡಿರಾ ಎಂದು ಕೇಳಿದಾಗ ‘ಅಪ್ಪಳಿಸಿದ’ ಗುಂಪಿನ 50 ಜನರಲ್ಲಿ 16 ಮಂದಿ ಹೌದೆಂದರು, ‘ತಾಗಿದ’ ಗುಂಪಿನ 50ರಲ್ಲಿ 7 ಮಂದಿ. ತುಣುಕಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ಒಂದು ಕ್ರಿಯಾಪದ ಇಷ್ಟು ಮಾಡಬಲ್ಲದು.

ಆದ್ದರಿಂದ “ಈ ಕತ್ತರಿಯನ್ನು ಅಜ್ಜಿ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಅಲ್ವಾ?” ಎಂದು ಕೇಳಬೇಡಿ. “ಇದು ಎಲ್ಲಿರುತ್ತಿತ್ತು?” ಎಂದು ಕೇಳಿ. ಜಾಗದ ಪ್ರಶ್ನೆಯಷ್ಟು ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಕಪಾಟಿನ ಎರಡನೆಯ ಸಾಲು, ಎಡಗಡೆ ಅಂದೊಡನೆ ಕಪಾಟು ಬರುತ್ತದೆ, ಕಪಾಟಿನ ಬಾಗಿಲ ಸದ್ದು ಬರುತ್ತದೆ, ಬಾಗಿಲು ತೆಗೆದವರು ಬರುತ್ತಾರೆ. “ಹಿಡಿದರೆ ಹೇಗಿರುತ್ತಿತ್ತು?”, “ಕಳೆದುಹೋದರೆ ಯಾರು ಹುಡುಕುತ್ತಿದ್ದರು?” ಇವೂ ಕೆಲಸ ಮಾಡುತ್ತವೆ.

ಇಬ್ಬರ ನೆನಪು ತಾಳೆಯಾಗದಿದ್ದರೆ ನ್ಯಾಯ ತೀರ್ಮಾನಕ್ಕೆ ಕೂರಬೇಡಿ. ಒಬ್ಬರು ಹಿಡಿ ಕೆಂಪೆಂದರು, ಇನ್ನೊಬ್ಬರು ಕಪ್ಪೆಂದರು. ಎರಡೂ ಚಿತ್ರ ಅಕ್ಕಪಕ್ಕ ಇರಲಿ. ಆ ಅಂತರವೇ ನಿಮ್ಮ ಕೃತಿಯ ಜೀವ. ಹಾಗೆಯೇ, ಕೇಳಿದ್ದನ್ನು ಇತರರಿಗೆ ತೋರಿಸುವ ಮೊದಲು ಹೇಳಿದವರ ಒಪ್ಪಿಗೆ ಪಡೆಯಿರಿ. ಕತ್ತರಿಯ ಕಥೆ ಎಂದು ಆರಂಭವಾದದ್ದು ಮನೆಯ ಜಗಳದ ಕಥೆಯಾಗಿ ಮುಗಿಯುವುದು ಅಪರೂಪವಲ್ಲ.

ಹಂತ 6: ಒಟ್ಟಿಗೆ ಜೋಡಿಸಿ

ಈಗ ನಿಮ್ಮ ಬಳಿ ಎಂಟು–ಹತ್ತು ಹಾಳೆಗಳಿವೆ. ನೆಲದ ಮೇಲೆ ಹರಡಿ. ಜೋಡಿಸುವ ಮೂರು ಬಗೆ ಹೇಳುತ್ತೇನೆ, ನನಗೆ ಮೊದಲನೆಯದೇ ಇಷ್ಟ.

ಅ) ಸಾಲು. ಎಲ್ಲರ ನೆನಪಿನ ಚಿತ್ರಗಳು ಒಂದೇ ಅಳತೆಯಲ್ಲಿ, ಒಂದೇ ಎತ್ತರದಲ್ಲಿ. ಚೆನ್ನಾಗಿರುವುದನ್ನು ನಡುವೆ ಹಾಕಬೇಡಿ. ಉಜ್ಜುಚಿತ್ರ ಕೊನೆಗಿರಲಿ, ಏಕೆಂದರೆ ಅದೊಂದೇ ವಸ್ತುವನ್ನು ನಿಜವಾಗಿ ಮುಟ್ಟಿ ಬಂದ ಹಾಳೆ.

ಆ) ರಾಶಿ. ಒಂದೇ ಬಗೆಯ ವಸ್ತುವನ್ನು ಹಲವರಿಂದ ಸೇರಿಸುವುದು. ಜಪಾನಿನ ಕಲಾವಿದೆ ಚಿಹಾರು ಶಿಯೋಟಾ 2015ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಲೋಕದ ನಾನಾ ಕಡೆಯ ಜನ ಕೊಟ್ಟ 50,000ಕ್ಕೂ ಹೆಚ್ಚು ಕೀಲಿಕೈಗಳನ್ನು ಕೆಂಪು ದಾರದಲ್ಲಿ ನೇತುಹಾಕಿದ್ದರು. ನೀವು 20 ಕೀಲಿಕೈಗಳ ಉಜ್ಜುಚಿತ್ರ ಮಾಡಿದರೂ ಸಾಕು, ಯಾವ ಎರಡೂ ಒಂದೇ ರೀತಿ ಸವೆದಿರುವುದಿಲ್ಲ. ಚೀನಾದ ಸಾಂಗ್ ಡಾಂಗ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಂದೆ ತೀರಿದ ಮೇಲೆ ತಾಯಿ ಏನನ್ನೂ ಎಸೆಯಲಾಗದೆ ಮನೆ ತುಂಬ ಕೂಡಿಟ್ಟುಕೊಂಡಿದ್ದ ಸಾಬೂನು, ಶೂ, ಶೀಶೆ, ಟೂತ್‌ಪೇಸ್ಟ್ ಟ್ಯೂಬುಗಳ ಸಹಿತ 10,000ಕ್ಕೂ ಹೆಚ್ಚು ವಸ್ತುಗಳನ್ನು 2005ರಲ್ಲಿ ಬೀಜಿಂಗಿನ ಗ್ಯಾಲರಿಯಲ್ಲಿ ಹರಡಿದರು. ಜೋಡಿಸಿದ್ದೂ ಬಂದವರ ಜೊತೆ ಮಾತಾಡುತ್ತಿದ್ದದ್ದೂ ಸ್ವತಃ ತಾಯಿ. ಮಗ ವಸ್ತುಗಳನ್ನು ಕಲಾಕೃತಿ ಮಾಡಿದ, ತಾಯಿಗೆ ಮಾತಾಡಲು ಜನ ಸಿಕ್ಕರು.

ಇ) ಖಾಲಿ ಜಾಗ. ವಸ್ತುವನ್ನು ಬಿಟ್ಟು ಸುತ್ತಲಿನದನ್ನು ಮಾತ್ರ ಬಿಡಿಸುವುದು. ಚಿತ್ರಕಲೆಯಲ್ಲಿ ಇದಕ್ಕೆ ನೆಗೆಟಿವ್ ಸ್ಪೇಸ್ ಎನ್ನುತ್ತಾರೆ, ಅಂದರೆ ಆಕಾರದ ಹೊರಗೂ ನಡುವೆಯೂ ಉಳಿಯುವ ಬಯಲು. ಇಂಗ್ಲೆಂಡಿನ ರೇಚಲ್ ವೈಟ್‌ರೀಡ್ 1995ರಲ್ಲಿ ಕುರ್ಚಿಗಳ ಅಡಿಯ ಬಯಲನ್ನೇ ಬಣ್ಣದ ರೆಸಿನ್ನಿನಲ್ಲಿ (ಹೊಯ್ದ ಮೇಲೆ ಗಟ್ಟಿಯಾಗುವ ದ್ರವ) ಎರಕ ಹೊಯ್ದು 100 ಅಚ್ಚುಗಳನ್ನು ಸಾಲಾಗಿ ಇಟ್ಟರು. ಕುರ್ಚಿ ಒಂದೂ ಇಲ್ಲ. ಕಾಗದದ ಮೇಲೆ ಮಾಡಲು ಇದು ಸುಲಭ, ಆದರೆ ಬೇಗ ಜಾಣತನವಾಗಿ ಕಾಣುತ್ತದೆ. ವಸ್ತು ನಿಜವಾಗಿಯೂ ಕಳೆದುಹೋಗಿದ್ದರೆ ಮಾತ್ರ ಇದನ್ನು ಆರಿಸಿ.

ಹಂತ 7: ಒಂದು ಚೀಟಿ ಬರೆಯಿರಿ

ಚಿತ್ರದ ಕೆಳಗೆ 25 ಪದ ಮೀರದಂತೆ. ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಮುರಿದ ಸಂಬಂಧಗಳ ವಸ್ತುಸಂಗ್ರಹಾಲಯವೊಂದಿದೆ, 2010ರಿಂದ ಅಲ್ಲೇ ನೆಲೆಯಾಗಿದೆ. ಜನ ಕಳಿಸಿಕೊಟ್ಟ ತೀರಾ ಸಾಮಾನ್ಯ ವಸ್ತುಗಳು, ಪಕ್ಕದಲ್ಲಿ ಕೊಟ್ಟವರದೇ ಮಾತು. ಚೀಟಿಯಿಲ್ಲದಿದ್ದರೆ ಅವು ಗುಜರಿ.

ಚೀಟಿಯಲ್ಲಿ ಭಾವನೆಯ ಹೆಸರು ಬೇಡ. ‘ಪ್ರೀತಿಯ ಅಜ್ಜಿಯ ಮಧುರ ನೆನಪು’ ಎಂದು ಬರೆದರೆ ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ‘ತುದಿ ಮುರಿದದ್ದು ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ’ ಎಂದು ಬರೆದರೆ ಪ್ರತಿಯೊಬ್ಬರಿಗೂ ತಮ್ಮ ಮನೆಯ ಮುರಿದ ವಸ್ತು, ಒಪ್ಪಿಕೊಳ್ಳದವರು ಇಬ್ಬರೂ ನೆನಪಾಗುತ್ತಾರೆ. ತೀರಾ ನಿಮ್ಮ ಮನೆಯದೇ ಆದ ವಿವರ ಹಾಕಿದರೆ ಪರರಿಗೆ ಅರ್ಥವಾಗದು ಎಂಬ ಭಯ ಬಿಡಿ. ಎಲ್ಲರಿಗೂ ಹೊಂದಲಿ ಎಂದು ಬರೆದದ್ದು ಯಾರಿಗೂ ಅಂಟುವುದಿಲ್ಲ.

ಹಂತ 8: ತೋರಿಸಿ, ಎತ್ತಿಡಿ

ತೋರಿಸಲು ಗ್ಯಾಲರಿ ಬೇಕಿಲ್ಲ, ಒಂದು ಗೋಡೆ ಸಾಕು. ಕೊನೆಯ ಚಿತ್ರದ ಪಕ್ಕ ಖಾಲಿ ಹಾಳೆ ಅಂಟಿಸಿ, ದಾರಕ್ಕೆ ಪೆನ್ಸಿಲ್ ಕಟ್ಟಿಬಿಡಿ. ಯಾರಾದರೊಬ್ಬರು ಬಿಡಿಸಲು ಆರಂಭಿಸಿದರೆ ಉಳಿದವರು ಹಿಂದೆಯೇ ಬರುತ್ತಾರೆ. ಚಿತ್ರದ ಪಕ್ಕ ನಿಂತು ವಿವರಿಸಲು ಹೋಗಬೇಡಿ, ದೂರ ನಿಂತು ಕೇಳಿಸಿಕೊಳ್ಳಿ.

ಎತ್ತಿಡುವಾಗ ಪೆನ್ಸಿಲ್ ಚಿತ್ರಗಳ ಮೇಲೆ ಫಿಕ್ಸೆಟಿವ್ ಸಿಂಪಡಿಸಿ (ಸೀಸದ ಪುಡಿ ಉದುರದಂತೆ ಹಿಡಿದಿಡುವ ದ್ರಾವಣ). ಕಿಟಕಿ ತೆರೆದಿರಲಿ, ವಾಸನೆ ಜೋರು. ಹಾಳೆಗಳ ನಡುವೆ ಪತ್ರಿಕೆಯ ಕಾಗದ ಇಡಬೇಡಿ, ಅದರ ಆಮ್ಲ ಪಕ್ಕದ ಹಾಳೆಗೂ ಹಳದಿ ಹತ್ತಿಸುತ್ತದೆ. ಆಮ್ಲರಹಿತ ಕಾಗದ ಕೇಳಿ ತನ್ನಿ. ಬಿಸಿಲು ಬೀಳುವ ಗೋಡೆ ಬೇಡ. ಪ್ರತಿ ಹಾಳೆಯ ಹಿಂದೆ ಯಾರು ಬಿಡಿಸಿದ್ದು, ಯಾವ ದಿನ, ಯಾವ ವಸ್ತು ಎಂದು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಕಾಲ ಕಳೆದಂತೆ ಮುಂಬದಿಗೆ ಇಳಿಯಬಹುದು.

ಇನ್ನು ಕತ್ತರಿ. ಗಾಜಿನ ಪೆಟ್ಟಿಗೆಯಲ್ಲಿಡಬೇಡಿ, ಮೊದಲಿದ್ದ ಡಬ್ಬಿಗೇ ಹಾಕಿ, ಬಳಸಿ. ತಿರುಪು ತೀರಾ ಸಡಿಲವಾಗಿದ್ದರೆ ಈಗ ಬಿಗಿ ಮಾಡಬಹುದು.